ಮನ್ಮಥಪ್ಪನ ತಲೆಯೊಳಗಿನ ತಂಪು

ಎಲ್ಲದಕ್ಕೂ ಕಾರಣ 'ಇರ್ಲಿ ಬಿಡ್ರಿ' ಎಂಬ ಮಾತು.

ಲಾತೂರಿಗೆ ರೈಲಿನಲ್ಲಿ ನೀರು ಹೋದ ಬೇಸಿಗೆ ಅದು. ಭಾಲ್ಕಿಯ ಓಣಿಗೆ ಟ್ಯಾಂಕರ್ ಬಂದಿತ್ತು. ಕೌಸಲ್ಯಾಬಾಯಿ ಮತ್ತು ಖುರ್ಷಿದ ಬೇಗಂ ಒಂದೇ ಪೈಪನ್ನು ಎರಡು ಕಡೆಯಿಂದ ಜಗ್ಗುತ್ತಿದ್ದರು. ನೀರು ಇಬ್ಬರ ಕೊಡಕ್ಕೂ ಬೀಳದೆ ಗಟಾರಕ್ಕೆ ಹೋಗುತ್ತಿತ್ತು. ಗಂಜ್ ಬಜಾರಿನ ಸೀರೆ ಅಂಗಡಿಗೆ ಕೆಲಸಕ್ಕೆ ಹೊರಟಿದ್ದ ಮನ್ಮಥಪ್ಪ ನಡುವೆ ಹೋಗಿ, ಇಬ್ಬರ ಬೈಗುಳವನ್ನೂ ತಾನೇ ತಿಂದು, "ಇರ್ಲಿ ಬಿಡ್ರಿ, ಇತ್ತ ಕೊಡ್ರಿ, ನಾ ಹಿಡೀತೇನಿ" ಎಂದು ಪೈಪು ಇಸಿದುಕೊಂಡ. ಆಮೇಲೆ ಆ ಪೈಪು ಅವನ ಕೈ ಬಿಡಲಿಲ್ಲ.

ಓಣಿಗೆ ಇಂಥವನೇ ಬೇಕಾಗಿತ್ತು. ಮನ್ಮಥಪ್ಪನಿಗೆ ಸಿಟ್ಟು ಬಂದದ್ದನ್ನು ಕಂಡವರಿಲ್ಲ. ಅಂಗಡಿಯ ಅಷ್ಟೂ ಸೀರೆ ಬಿಚ್ಚಿಸಿ, ಕಡೆಗೆ ಒಂದು ಕರ್ಚೀಫು ಕೇಳಿದವರಿಗೂ ಅವನು "ಯಾವ ಬಣ್ಣದ್ದ್ರಿ?" ಎನ್ನುತ್ತಿದ್ದ. ಅಂಥವನ ಕೈಗೆ ಪೈಪು ಕೊಟ್ಟರೆ ಮನಸಾರೆ ಬೈಯಬಹುದು, ತಿರುಗಿ ಬೈಸಿಕೊಳ್ಳುವ ಭಯವಿಲ್ಲ. ನೀರು ಕಡಿಮೆ ಬಂದರೆ ಮನ್ಮಥಪ್ಪ ಕಾರಣ, ಕೆಂಪಗೆ ಬಂದರೆ ಮನ್ಮಥಪ್ಪ ಕಾರಣ. ಟ್ಯಾಂಕರ್ ಬರದಿದ್ದರಂತೂ ಜನ ನೇರ ಅವನ ಮನೆಗೇ ಬಂದು ಕದ ಬಡಿಯುತ್ತಿದ್ದರು, ಅವನು ಟ್ಯಾಂಕರನ್ನು ಅಟ್ಟದ ಮೇಲೆ ಮುಚ್ಚಿಟ್ಟವನ ಹಾಗೆ.

ಹೆಂಡತಿ ಗುರಮ್ಮನಿಗೆ ಸಾಕಾಗಿತ್ತು. ಅವಳ ಅಕ್ಕ ಈರಮ್ಮನ ಮನೆ ಹೈದರಾಬಾದಿನಲ್ಲಿ. ಅಲ್ಲಿ ಬೋರ್ ಇತ್ತು, ನಳ ತಿರುವಿದರೆ ನೀರು. ಈರಮ್ಮನ ಗಂಡ ಹಾವಗೆಪ್ಪ ಮದುವೆ ಮುಂಜಿವೆಯಲ್ಲಿ ಎದುರಾದರೂ ಮುಖ ತಿರುವುವ ಆಸಾಮಿ. ಅಂಥವನು ಇತ್ತೀಚೆಗೆ ದಿನವೂ ಫೋನು ಮಾಡಿ, "ಷಡ್ಡಕರ, ಬರ್ರಿ, ಮಳಿ ಬರೋತನಕ ಇಲ್ಲೇ ಇರ್ರಿ" ಎನ್ನತೊಡಗಿದ್ದ. ಬರಗಾಲ ಮನುಷ್ಯರ ಮನಸ್ಸು ಮೆತ್ತಗೆ ಮಾಡುತ್ತದೆಂದು ಮನ್ಮಥಪ್ಪ ನಂಬಿದ. ಅಂಗಡಿಯಲ್ಲಿ ರಜೆಯೂ ಸಿಕ್ಕಿತು. ಸೀರೆ ಕೊಳ್ಳುವವರೆಲ್ಲ ಪುಣೆ, ಮುಂಬೈ ಸೇರಿದ್ದರಿಂದ ಮಾಲೀಕರು ಸಂತೋಷದಿಂದಲೇ ಕೊಟ್ಟರು.

ರಜೆ ಕೊಡದಿದ್ದದ್ದು ಓಣಿ.

"ಹೋಗ್ತೇನಿ ಅಂದ್ರ ಹ್ಯಾಂಗ?" ಎಂದ ಪಂಢರಿ. ಅವನು ವಿಮೆ ಏಜೆಂಟ. ಯಾರೂ ಆರಿಸದಿದ್ದರೂ ಓಣಿಯ ಅಧ್ಯಕ್ಷ. "ನಿನ್ನಂಥ ಸಮಾಧಾನದ ಮನಷ್ಯಾನ್ನ ಎಲ್ಲಿಂದ ತರೂಣು? ನೀ ಹೋದ ದಿನಾನೇ ಇಲ್ಲಿ ತಲಿ ಒಡೀತಾವ."

"ನನಗೂ ಸಿಟ್ಟು ಬರ್ತದ್ರಿ," ಎಂದ ಮನ್ಮಥಪ್ಪ ಮೆಲ್ಲಗೆ. "ಒಳಗ ಬರ್ತದ. ಹೊರಗ ಕಾಣಂಗಿಲ್ಲ ಅಷ್ಟ."

ಓಣಿ ನಕ್ಕಿತು. ಗಟಾರದ ಕಟ್ಟೆಯ ಮೇಲಿನ ಆಡು ಕೂಡ ಅವನತ್ತ ನೋಡಿ ಮುಖ ತಿರುವಿತು.

ಆಗ ದಾರಿ ತೋರಿಸಿದವಳು ಖುರ್ಷಿದ ಬೇಗಂ. ಅವಳ ತಂಗಿಯ ಮಗಳು ಡಾಕ್ಟರ್ ಶಮೀಮ ಬೀದರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಸಂಶೋಧನೆಗೆಂದು ಬಂದು ಕೂತಿದ್ದಳು. "ಏನೋ ದೊಡ್ಡ ಕಾಂತದ ಮಿಷನ್ ಅಂತ. ಬರಗಾಲದಾಗ ಮಂದಿ ಮೆದುಳೊಳಗ ಸಮಾಧಾನದ ರಸ ಎಷ್ಟ ಉಳದದ, ಸಿಟ್ಟಿನ ರಸ ಎಷ್ಟ ಏರ್ಯದ ಅಂತ ಅಳೀತಾಳ. ಜನಾ ಬೇಕಂತ ಕೇಳ್ಲಿಕ್ಕತ್ತಾಳ. ಕರ್ಕೊಂಡು ಹೋಗ್ರಿ ಇವನ್ನ. ಖರೇನೇ ಸಿಟ್ಟದ ಅಂದ್ರ ಮಿಷನ್ ಹೇಳ್ತದ."

ಪಂಢರಿ ತೊಡೆ ತಟ್ಟಿದ. "ಬರೋಬರ್! ಸಮಾಧಾನ ಕಮ್ಮಿ ಅಂತ ಮಿಷನ್ ಹೇಳ್ತೋ, ನೀ ಆಜಾದ್. ಹೆಚ್ಚದ ಅಂತೋ, ಮಳಿ ಬರೋತನಕ ಪೈಪ್ ನಿಂದ."

ಗುರಮ್ಮ ಆಗಲೇ ಗಂಟು ಕಟ್ಟಿದ್ದಳು. "ಬೀದರ್‌ಗ ಬರ್ತೇನಿ. ಅಲ್ಲಿಂದ ಸಂಜಿ ಬಸ್ಸಿಗಿ ಹೈದರಾಬಾದ್ ಹೋಗ್ತೇನಿ. ನಿಮ್ಮನ್ನ ಬಿಟ್ರ ನೀವೂ ಬರ್ರಿ. ಇಲ್ಲಾಂದ್ರ ಪೈಪಿನ ಜೋಡಿ ಸಂಸಾರ ಮಾಡ್ರಿ."

ಹೀಗೆ ಮರುದಿನ ಬೆಳಿಗ್ಗೆ ಖುರ್ಷಿದ ಬೇಗಂಳ ಗಂಡ ಬದ್ರೋದ್ದೀನನ ಟೆಂಪೊ ಮನ್ಮಥಪ್ಪನ ಮೆದುಳನ್ನು ಹೊತ್ತು ಬೀದರಿಗೆ ಹೊರಟಿತು. ಮೆದುಳಿನ ಜೊತೆಗೆ ಸಾಕ್ಷಿಗೆಂದು ಅರ್ಧ ಓಣಿ. ಅರ್ಧ ಓಣಿಯ ಜೊತೆಗೆ ಅವರವರ ಖಾಲಿ ಕೊಡ. ಆ ವರ್ಷ ಕೊಡವಿಲ್ಲದೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಮದುವೆಗೆ ಹೋದರೂ, ಮಣ್ಣಿಗೆ ಹೋದರೂ ಕಂಕುಳಲ್ಲಿ ಒಂದು ಕೊಡ ಇರುತ್ತಿತ್ತು. ಎಲ್ಲಿ ಯಾವ ನಳ ಬಾಯಿ ಬಿಡುತ್ತದೋ ಯಾರಿಗೆ ಗೊತ್ತು.

ದಾರಿಯುದ್ದಕ್ಕೂ ಮನ್ಮಥಪ್ಪ ಸಿಟ್ಟು ತಂದುಕೊಳ್ಳಲು ಒದ್ದಾಡಿದ. ಬೆಳಗಿನ ಚಹಾ ಬಿಟ್ಟಿದ್ದ. ಬಿಸಿಲಿಗೇ ಕೂತ. ಟೆಂಪೊ ಪಂಕ್ಚರ್ ಆದಾಗ ಅವನಿಗೆ ಆಸೆ ಚಿಗುರಿತು. ಬದ್ರೋದ್ದೀನನನ್ನು ಬೈಯಬೇಕೆಂದು ಇಳಿದ, ಇಳಿದವನು ಜಾಕ್ ಹಿಡಿದುಕೊಂಡು ನಿಂತ.

"ನೀ ನನ್ನ ಸ್ವಲ್ಪ ಬೈ," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ.

"ಬಾಯಿ ಒಣಗಿದ್ರ ಕುಡೀಲಿಕ್ಕ ನೀರೆಲ್ಲದ?" ಎಂದಳು ಗುರಮ್ಮ.

ಸ್ಕ್ಯಾನ್ ಸೆಂಟರಿನಲ್ಲಿ ಡಾಕ್ಟರ್ ಶಮೀಮ ಒಬ್ಬ ಮನುಷ್ಯನನ್ನು ಕಾಯುತ್ತಿದ್ದಳು. ಬಂದದ್ದು ಒಂದು ಜಾತ್ರೆ.

"ಖಾಲಾ, ಇಷ್ಟು ಮಂದಿ ಯಾಕ?"

"ಸಾಕ್ಷಿ ಬೇಟಾ," ಎಂದಳು ಖುರ್ಷಿದ ಬೇಗಂ.

ಶಮೀಮ ನಕ್ಕು, ಎಲ್ಲರಿಗೂ ತಿಳಿಯುವಂತೆ ಹೇಳಿದಳು. "ಸಾದಾ ಸ್ಕ್ಯಾನ್ ಅಂದ್ರ ಮನಿ ನಕಾಶಿ ಇದ್ದಂಗ. ಅಡಗಿಮನಿ ಎಲ್ಲದ, ಪಡಸಾಲಿ ಎಲ್ಲದ ಅಂತ ತೋರಸ್ತದ. ನಾವು ನೋಡೋದು ಅಡಗಿಮನಿ ಡಬ್ಬಿ ಒಳಗ. ಸಕ್ಕರಿ ಎಷ್ಟದ, ಖಾರ ಎಷ್ಟದ ಅಂತ. ಮೆದುಳಿನಾಗ ಗ್ಲುಟಮೇಟ್ ಅಂತ ಒಂದದ, ಅದು ನರಗಳಿಗೆ ಏಳು ಏಳು ಅಂತದ. ಗಾಬಾ ಅಂತ ಇನ್ನೊಂದು, ಅದು ಕೂಡು ಕೂಡು ಅಂತದ. ಕಾಂತದ ಒಳಗ ಹೋದ್ರ ಒಂದೊಂದೂ ತನ್ನದೇ ಸುರ್‌ನಾಗ ಹಾಡ್ತದ. ಅದನ್ನ ಕೇಳಿ ಯಾವದು ಎಷ್ಟದ ಅಂತ ಲೆಕ್ಕ ಹಾಕ್ತೀವಿ."

"ಗಾಬಾ ಕಮ್ಮಿ ಇರಬೇಕು ಅಲ್ರಿ ನನಗ?" ಎಂದ ಮನ್ಮಥಪ್ಪ ಆಸೆಯಿಂದ.

"ಇರಬೇಕು ಅಂತ ಏನಿಲ್ರಿ ಕಾಕಾ. ಎಷ್ಟದ ಅಷ್ಟು. ಅದರ ಧ್ವನಿ ಭಾಳ ಸಣ್ಣದು, ಗದ್ದಲದಾಗ ಕೇಳ್ಸಂಗೇ ಇಲ್ಲ. ಅದಕ್ಕ ಭಾಳ ಹೊತ್ತು ಅಲ್ಲಾಡದಂಗ ಮಲಗಬೇಕು."

ಅಷ್ಟರಲ್ಲಿ ಲೋಹದ ತಪಾಸಣೆ ಶುರುವಾಯಿತು. ಸೀರೆ ಅಂಗಡಿಯವನ ಅಂಗಿಯಲ್ಲಿ ಗುಂಡಿಗಿಂತ ಗುಂಡುಪಿನ್ನು ಹೆಚ್ಚು. ಕಾಲರಿನಿಂದ, ತೋಳಿನ ಮಡಿಕೆಯಿಂದ, ಧೋತರದ ಅಂಚಿನಿಂದ ಪಿನ್ನುಗಳು ಮುಳ್ಳುಹಂದಿಯ ಮೈಯಿಂದ ಉದುರಿದಂತೆ ಉದುರಿದವು. ಕೊನೆಗೆ ಕೊರಳ ಬೆಳ್ಳಿಯ ಕರಡಿಗೆಯತ್ತ ಶಮೀಮ ನೋಡಿದಳು. ಅದರೊಳಗೆ ಅವನ ಇಷ್ಟಲಿಂಗ. ಮನ್ಮಥಪ್ಪನ ಕೈ ಎದೆಗೆ ಹೋಯಿತು. "ಇದು ಮೈ ಬಿಟ್ಟು ಹೋಗಂಗಿಲ್ಲವ್ವಾ."

ಗುರಮ್ಮ ಮುಂದೆ ಬಂದು, ಸೆರಗಿನ ಗಂಟಿನಿಂದ ಬಿಳಿಯ ವಸ್ತ್ರ ತೆಗೆದಳು. ಮನ್ಮಥಪ್ಪ ಆಚೆ ತಿರುಗಿ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ. ಕರಡಿಗೆ ಹೆಂಡತಿಯ ಕೈಗೆ ಬಂತು. ಲೋಹವಿಲ್ಲದ ಮೇಲೆ ಶಮೀಮಳ ತಕರಾರೂ ಇರಲಿಲ್ಲ. ಅವನಿಗೆ ಹಸಿರು ಗೌನು ತೊಡಿಸಿದರು. ಹಿಂದುಗಡೆ ಪೂರಾ ತೆರೆದದ್ದು, ಎರಡು ಲಾಡಿಗಳ ಭರವಸೆಯ ಮೇಲೆ ನಿಂತದ್ದು.

ಮಿಷನ್ನಿನೊಳಗೆ ಜಾರಿದಾಗ ಮನ್ಮಥಪ್ಪ ಹಲ್ಲು ಕಚ್ಚಿದ. ಸದ್ದು ಶುರುವಾಯಿತು. ಮೊದಲು ಟ್ಯಾಂಕರಿನ ಮೋಟಾರಿನಂತೆ, ಆಮೇಲೆ ಹಂದರಕ್ಕೆ ಮೊಳೆ ಹೊಡೆದಂತೆ. ಒಳ್ಳೆಯದೇ ಆಯಿತೆಂದು ಅವನು ಪಂಢರಿಯ ಮುಖ ನೆನೆದುಕೊಂಡ. ಪಂಢರಿ ಬಂದ, ಬಾಯಿ ತೆರೆದ. ಆದರೆ ಆ ಸದ್ದಿನಲ್ಲಿ ಅವನ ಮಾತು ಕೇಳಿಸಲಿಲ್ಲ. ಮಾತು ಕೇಳಿಸದ ಪಂಢರಿ ನೋಡಲು ಎಷ್ಟು ಒಳ್ಳೆಯ ಮನುಷ್ಯ! ಕೌಸಲ್ಯಾಬಾಯಿಯನ್ನು ಕರೆದ. ಅವಳೂ ಸುಮ್ಮನೆ ತುಟಿ ಆಡಿಸಿ ಹೋದಳು. ಪಾದಕ್ಕೆ ತಣ್ಣನೆ ಗಾಳಿ ಸೋಕಿತು. ಯಾರೂ ಅವನ ಹೆಸರು ಕೂಗುತ್ತಿರಲಿಲ್ಲ. ಅವನ ಕೈಯಲ್ಲಿ ಪೈಪು ಇರಲಿಲ್ಲ. ಆ ಬೇಸಿಗೆಯಲ್ಲಿ ಮೊದಲ ಸಲ ಮನ್ಮಥಪ್ಪನ ಬಿಗಿದ ಹೆಗಲು ಸಡಿಲಾಯಿತು. 'ಸಿಟ್ಟು... ಸಿಟ್ಟು ಬರಬೇಕಲ್ಲಪಾ' ಎಂದುಕೊಳ್ಳುತ್ತಲೇ ಅವನು ಬಾವಿಗೆ ಬಿಟ್ಟ ಕೊಡದಂತೆ ನಿದ್ದೆಯೊಳಗೆ ಮುಳುಗಿದ.

ಆಚೆ ಗಾಜಿನ ಹಿಂದೆ ಕೂತ ಶಮೀಮಳಿಗೆ ಸಂತೋಷ. ಇಷ್ಟು ಅಲ್ಲಾಡದೆ ಮಲಗಿದವರನ್ನು ಅವಳು ಕಂಡಿರಲಿಲ್ಲ. ಗಾಬಾದ ಸಣ್ಣ ಧ್ವನಿ ಈಗಷ್ಟೆ ಕೇಳತೊಡಗಿತ್ತು.

ಅದೇ ಹೊತ್ತಿಗೆ ಕಟ್ಟಡದ ಹಿಂದೆ ಒಂದು ಟ್ಯಾಂಕರ್ ಬಂದು ನಿಂತಿತು.

ಮಿಷನ್ನಿನ ಕಾಂತ ತಣ್ಣಗಿರಲು ಒಂದು ತಂಪು ಯಂತ್ರವಿತ್ತು. ಆ ಯಂತ್ರಕ್ಕೆ ನೀರು ಬೇಕು. ಬೋರ್ ಬತ್ತಿದ್ದರಿಂದ ಟ್ಯಾಂಕರ್. ಇದೆಲ್ಲ ಭಾಲ್ಕಿಯ ಸಾಕ್ಷಿಗಳಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಪ್ರಯೋಜನವಿರಲಿಲ್ಲ. ಟ್ಯಾಂಕರಿನ ಸದ್ದು ಕೇಳಿದರೆ ಅವರ ಕಾಲುಗಳು ಅವರನ್ನು ಕೇಳದೆ ಓಡುತ್ತಿದ್ದವು. ಡ್ರೈವರ್ ಪೈಪು ಬಿಚ್ಚುವ ಮೊದಲೇ ಖುರ್ಷಿದ ಬೇಗಂಳ ಕೊಡ ಅದರ ಬಾಯಿಗೆ ಬಂದಿತ್ತು. ಕೊಡಗಳ ಸದ್ದು ಕೇಳಿ ಪಕ್ಕದ ಕಾಲೊನಿಯವರೂ ಬಂದರು.

"ಬೀದರ್ ಟ್ಯಾಂಕರ್‌ಗೆ ಭಾಲ್ಕಿಯವರದೇನ್ರಿ ಹಕ್ಕು?"

"ಟ್ಯಾಂಕರ್ ಮ್ಯಾಲ ನಿಮ್ಮಪ್ಪನ ಹೆಸರು ಬರದದೇನ?"

ಸೆಂಟರಿನ ಮ್ಯಾನೇಜರ್ ಕೈ ಮುಗಿಯುತ್ತ ಓಡಿ ಬಂದ. "ಅವ್ವಾ, ತಾಯೀ, ಇದು ಮಿಷನ್ ನೀರು! ಮಿಷನ್ ತಣ್ಣಗಾಗಲಿಕ್ಕ!"

ಪಂಢರಿ ಸೊಂಟಕ್ಕೆ ಕೈಯಿಟ್ಟ. "ಕೇಳ್ರಿ ಕೇಳ್ರಿ! ಮನಷ್ಯಾಗ ಕುಡೀಲಿಕ್ಕ ನೀರಿಲ್ಲ, ಮಿಷನ್ನಿಗಿ ಜಳಕಾ!"

ಭಾಲ್ಕಿ ಒಂದು ಕಡೆ, ಬೀದರ್ ಒಂದು ಕಡೆ, ನಡುವೆ ಪೈಪು. ನೀರು ಗಟಾರಕ್ಕೆ. ಒಳಗೆ ತಂಪು ಯಂತ್ರ ಎಚ್ಚರಿಕೆಯ ಸೀಟಿ ಹೊಡೆಯಿತು. ಶಮೀಮ ಸ್ಕ್ಯಾನ್ ನಿಲ್ಲಿಸಿ ಹೊರಗೋಡಿ, "ಖಾಲಾ, ಬಿಡ್ರಿ! ಮಿಷನ್ ಕೆಡ್ತದ!" ಎಂದು ಕೂಗಿದಳು.

"ನಾ ಬಿಡ್ತೇನಿ ಬೇಟಾ, ಆಕಿ ಬಿಡ್ಲಿ," ಎಂದಳು ಖುರ್ಷಿದ ಬೇಗಂ, ಪೈಪಿನ ಆ ತುದಿ ಹಿಡಿದ ಕಾಲೊನಿಯವಳನ್ನು ಕಣ್ಣಲ್ಲೇ ತೋರಿಸಿ, ಜಗ್ಗುತ್ತಲೇ.

ಕೌಸಲ್ಯಾಬಾಯಿ ಉಪಾಯ ಹೇಳಿದಳು. "ಇದು ಯಾರ ಕೈಲೂ ಆಗಂಗಿಲ್ಲ. ಒಳಗ ಮಲಗ್ಯಾನಲ್ಲ, ಅವನ್ನ ಎಬ್ಬಸ್ರಿ."

ಮನ್ಮಥಪ್ಪನ ಕನಸಿನಲ್ಲಿ ಮಳೆ ಶುರುವಾಗಿತ್ತು. ಮೊದಲ ಹನಿ ಮೂಗಿನ ಮೇಲೆ ಬೀಳುವಷ್ಟರಲ್ಲಿ ಯಾರೋ ಹೆಗಲು ಅಲುಗಿಸಿದರು. "ಕಾಕಾ, ಏಳ್ರಿ, ಏಳ್ರಿ. ಪೈಪ್ ಹಿಡೀಬೇಕಂತ."

ಅವನು ಹೊರಗೆ ಬಂದಾಗ ಒಂದು ಲಾಡಿ ಆಗಲೇ ಕೈಕೊಟ್ಟಿತ್ತು. ಒಂದು ಕೈಯಿಂದ ಗೌನಿನ ಹಿಂಭಾಗ ಹಿಡಿದು, ಇನ್ನೊಂದು ಕೈಯಿಂದ ಕಣ್ಣುಜ್ಜುತ್ತ ನಿಂತ. ಜನ ನೋಡಿದರು. ಯಾರೋ ಅಭ್ಯಾಸಬಲದಿಂದ ಪೈಪು ತಂದು ಆ ಕೈಗೆ ಕೊಟ್ಟೇಬಿಟ್ಟರು.

"ಮನ್ಮಥಪ್ಪಣ್ಣಾ, ಮೊದಲ ನನ್ನ ಕೊಡಾ," ಎಂದಳು ಕೌಸಲ್ಯಾಬಾಯಿ.

ಅವನು ಬಾಯಿ ತೆರೆದ. 'ಇರ್ಲಿ ಬಿಡ್ರಿ' ಬರುತ್ತದೆಂದು ಎಲ್ಲರೂ ಕಾದರು.

"ಮುಚ್ಚ್ರಿ ಬಾಯಿ!"

ಟ್ಯಾಂಕರಿನ ಡ್ರೈವರ್ ಬೀಡಿ ನುಂಗುವುದು ಸ್ವಲ್ಪದರಲ್ಲಿ ತಪ್ಪಿತು.

"ಬ್ಯಾಸಗಿ ಪೂರಾ ಕಣ್ಣು ಮುಚ್ಚಿಲ್ಲ ನಾ! ಇವತ್ತೊಂದಿನ ನಿದ್ದಿ ಹತ್ತಿತ್ತು! ಅದನ್ನೂ ಕೊಡದಾಗ ತುಂಬ್ಕೊಂಡು ಹೋಗ್ಲಿಕ್ಕ ಬಂದ್ರೇನು? ಸಾಲ್ ಹಚ್ರಿ! ಮೊದಲ ಮಿಷನ್ನಿನ ಟಾಕಿ, ಆಮ್ಯಾಲ ಕೂಸಿನವರು, ಆಮ್ಯಾಲ ಮುದುಕ್ರು! ಭಾಲ್ಕಿ-ಬೀದರ್ ಅಂತ ಬಾಯಿ ತಗದವರ ಕೊಡಾ ಇಲ್ಲೇ ಒಡೀತೇನಿ! ಪಂಢರಿ, ನೀ ಕಡೀಕ! ಮಂದಿ ಹಿಂದಲ್ಲ, ಟೆಂಪೊ ಹಿಂದ!"

ಸಾಲು ಹತ್ತಿತು. ಪಾಳಿ ತಪ್ಪಲಿಲ್ಲ, ಹನಿ ಚೆಲ್ಲಲಿಲ್ಲ. ಮ್ಯಾನೇಜರ್ ತನಗೇ ಗೊತ್ತಿಲ್ಲದೆ ಸಾಲಿನಲ್ಲಿ ನಿಂತಿದ್ದ. ಪಂಢರಿ ಟೆಂಪೊದ ಹಿಂದಿನಿಂದ ಇಣುಕುತ್ತಿದ್ದ. ತಂಪು ಯಂತ್ರದ ಸೀಟಿ ನಿಂತಿತು.

ನೀರು ಮುಗಿದ ಮೇಲೆ ಪಂಢರಿ ಟೆಂಪೊದ ಹಿಂದಿನಿಂದ ಹೊರಬಂದು ಶಮೀಮಳನ್ನು ಕೇಳಿದ. "ಮಿಷನ್ ಏನಂತದ್ರಿ ಡಾಕ್ಟರಮ್ಮಾ? ಸಮಾಧಾನ ಹೆಚ್ಚೋ, ಕಮ್ಮಿಯೋ?"

"ಸ್ಕ್ಯಾನ್ ಅರ್ಧಕ್ಕೇ ನಿಂತದ್ರಿ. ಪೂರಾ ಆಗಿದ್ರೂ ಒಬ್ಬರದು ನೋಡಿ ಇವರು ಹಿಂಗ, ಅವರು ಹಂಗ ಅಂತ ಹೇಳ್ಲಿಕ್ಕ ಬರಂಗಿಲ್ಲ. ಎಲ್ಲಾರದೂ ಕೂಡಿಸಿ ಸರಾಸರಿ ತಗೀತೀವಿ."

"ಸರಾಸರಿ!" ಎಂದ ಪಂಢರಿ ಕಹಿಯಾಗಿ. "ಸರಾಸರಿ ಲೆಕ್ಕಕ್ಕ ನಮ್ಮ ಓಣಿಗಿ ದಿನಾ ನೀರು ಬರ್ತದ್ರಿ."

"ಮಿಷನ್ ಯಾಕವ್ವಾ, ಕಣ್ಣಿಲೆ ನೋಡಿದ್ವಲ್ಲ," ಎಂದಳು ಕೌಸಲ್ಯಾಬಾಯಿ, ಕೊಡ ಎದೆಗವಚಿಕೊಂಡು. "ಇಷ್ಟು ದಿನಾ ಹುಲಿ ಕೈಯಾಗ ಪೈಪ್ ಕೊಟ್ಟಿದ್ವಿ. ಬ್ಯಾಡಪಾ ಬ್ಯಾಡ. ಹೋಗ್ಲಿ ಅವಾ."

ಮನ್ಮಥಪ್ಪನಿಗೆ ಕುಣಿಯಬೇಕೆನಿಸಿತು. ಆದರೆ ಹುಬ್ಬಿನ ಗಂಟು ಬಿಚ್ಚಲಿಲ್ಲ, ಬಿಚ್ಚಿದರೆ ಮತ್ತೆ ಪೈಪು ಬರಬಹುದೆಂದು. ಬಟ್ಟೆ ಬದಲಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ಪಿನ್ನುಗಳನ್ನು ಕಾಲರಿಗೆ ಸಿಕ್ಕಿಸಿಕೊಂಡ. ಹೊರಡುವಾಗ ಶಮೀಮ ತನ್ನ ನಂಬರನ್ನು ಅವನ ಫೋನಿಗೆ ಹಾಕಿಕೊಟ್ಟಳು. "ನಿಮ್ಮಂಗ ಯಾರೂ ಮಲಗಿಲ್ಲ ಕಾಕಾ. ಯಾವಾಗರ ಬಂದು ಪೂರಾ ಮಾಡಿಕೊಡ್ರಿ."

ಬಸ್‌ಸ್ಟ್ಯಾಂಡಿನಲ್ಲಿ ಹೈದರಾಬಾದ್ ಬಸ್ಸಿಗೆ ಕಾಲಿಡಲು ಜಾಗವಿರಲಿಲ್ಲ. ಸಂತಪುರ, ಔರಾದ ಕಡೆಯವರು ಒಲೆ, ಹಂಚು, ಕೋಳಿ ಸಮೇತ ಗಾರೆ ಕೆಲಸಕ್ಕೆ ಹೊರಟಿದ್ದರು. ಕೂಸು ಎತ್ತಿಕೊಂಡ ಒಬ್ಬಳಿಗೆ ಮನ್ಮಥಪ್ಪ ಕಟ್ಟೆಯ ಮೇಲಿನ ತನ್ನ ಜಾಗ ಬಿಟ್ಟುಕೊಟ್ಟ. ಅವರು ದುಡಿಯಲು ಹೊರಟಿದ್ದರು, ತಾನು ನಳ ತಿರುವಲು. ಸ್ವಲ್ಪ ನಾಚಿಕೆಯಾಯಿತು. ಆದರೂ ನಳದ ನೀರು ಬಕೀಟಿಗೆ ಬೀಳುವ ಸದ್ದು ಕಿವಿಯಲ್ಲಿ ತುಂಬಿತ್ತು.

ಫೋನು ಬಂತು. ಹಾವಗೆಪ್ಪ.

"ಷಡ್ಡಕರ, ಹೊಂಟ್ರೇನು? ಜಲ್ದಿ ಬರ್ರಿ. ನಿಮ್ಮ ಹಾದಿ ಪೂರಾ ಗಲ್ಲಿ ಕಾಯ್ಲಿಕ್ಕತ್ತದ."

"ಪೂರಾ ಗಲ್ಲಿ ಯಾಕ್ರಿ?"

"ಯಾಕಂದ್ರ? ಬೋರ್ ಬತ್ತಿ ತಿಂಗಳಾಯ್ತಲ್ಲ. ಟ್ಯಾಂಕರ್ ಬರ್ತದ, ಬಂದ್ರ ದಿನಾ ಹೊಡದಾಟ. ನಿನ್ನಿ ಇಬ್ಬರ ತಲಿ ಒಡದದ. ನಿಮ್ಮಂಥ ಸಮಾಧಾನದ ಮನಷ್ಯಾ ಭಾಲ್ಕಿಯೊಳಗ ಯಾರೂ ಇಲ್ಲಂತ, ಎಷ್ಟು ಬೈದ್ರೂ 'ಇರ್ಲಿ ಬಿಡ್ರಿ' ಅಂತೀರಂತ. ಗುರಮ್ಮ ಎಲ್ಲಾ ಹೇಳ್ಯಾಳ. ನಾಳಿ ಮುಂಜಾನಿಂದ ಪೈಪ್ ನಿಮ್ಮ ಕೈಯಾಗ!"

ಮನ್ಮಥಪ್ಪ ಹೆಂಡತಿಯ ಕಡೆ ತಿರುಗಿದ. ಗುರಮ್ಮ ಗಂಟಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಅಕ್ಕನ ಮುಂದ ಒಂದ ಮಾತು ಹೊಗಳಿದ್ದೆ," ಎಂದಳು. "ಅಲ್ಲದ, ಬ್ಯಾಸಗಿ ಪೂರಾ ಇಬ್ಬರನ್ನ ಖಾಲಿ-ಪೀಲಿ ಯಾರ ಇಟ್ಕೋತಾರ? ಅಲ್ಲಾದ್ರ ನೀರರ ಸಿಗ್ತದ. ಇವತ್ತಿಂದು ಒದರಾಟ ಅವರ ಮುಂದ ಹೇಳಬ್ಯಾಡ್ರಿ ಮತ್ತ."

ಸಿಟ್ಟಾಗಬೇಕು ಎಂದು ಮನ್ಮಥಪ್ಪ ಎದೆ ತುಂಬ ಉಸಿರೆಳೆದುಕೊಂಡ. ಸೆಂಟರಿನ ಹಿತ್ತಿಲಲ್ಲಿ ಇದ್ದಬದ್ದದ್ದೆಲ್ಲ ಖರ್ಚಾಗಿತ್ತೋ ಏನೋ, ತಳ ಕೆರೆದರೂ ಒಂದು ಬೊಗಸೆ ಸಿಗಲಿಲ್ಲ.

"ಇರ್ಲಿ ಬಿಡು," ಎಂದ.

ಬಸ್ಸಿನವನು ಹಾರ್ನ್ ಹೊಡೆದ. ಗುರಮ್ಮ ಗಂಟು ಎತ್ತಿ ನುಗ್ಗಿದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮನ್ಮಥಪ್ಪನಿಗೆ ಆ ತಣ್ಣನೆ ಗಾಳಿ, ಮಾತು ಕೇಳಿಸದ ಪಂಢರಿ, ಮೂಗಿನ ತನಕ ಬಂದ ಮಳೆ ಎಲ್ಲ ನೆನಪಾದವು. ಕೆಳಗಿಳಿದು, ಫೋನು ತೆಗೆದು ಶಮೀಮಳಿಗೆ ಹಚ್ಚಿದ.

"ಡಾಕ್ಟರಮ್ಮಾ, ಆ ಅರ್ಧಾ ಉಳದದಲ್ರಿ... ಅದನ್ನ ಪೂರಾ ಮಾಡ್ಲಿಕ್ಕ ಯಾವಾಗ ಬರ್ಲಿ?"

"ಅರೆ ಕಾಕಾ, ನಾಳಿಗೇ ಬರ್ರಿ! ನಾನೇ ಫೋನ್ ಮಾಡಾಕಿ ಇದ್ದೆ. ಎಷ್ಟು ಹೊತ್ತು ಬೇಕಾದ್ರೂ ಮಲಗ್ರಿ, ಯಾರೂ ಎಬ್ಬಸಂಗಿಲ್ಲ." ಅವಳ ಹಿಂದೆ ಮ್ಯಾನೇಜರ್ ಏನೋ ಪಿಸುಗುಟ್ಟಿದ್ದು ಕೇಳಿಸಿತು. "ಅಂದ್ರ... ಟ್ಯಾಂಕರ್ ಬಂದಾಗ ಅಷ್ಟ ಎಬ್ಬಸ್ತೀವ್ರಿ. ಗೌನಿಗಿ ಹೊಸಾ ಲಾಡಿ ಹಚ್ಚಿಸಿಟ್ಟೇವಿ."